ದಂಡದ ಸುತ್ತು

ಐದು ದೇಶಗಳ ಹಿಮ ತುಳಿದು ಬಂದ ತಂಡಕ್ಕೆ ಅದು ಋತುವಿನ ಕೊನೆಯ ಬಯಥ್ಲಾನ್ ರೇಸ್. ಸ್ಕೀ ಮೇಲೆ ಜಾರುತ್ತ ಬಂದು ಗುರಿಗೆ ಐದು ಗುಂಡು ಹೊಡೆಯಬೇಕು. ತಪ್ಪಿದ ಗುಂಡಿಗೊಂದು ದಂಡದ ಸುತ್ತು ಹೆಚ್ಚಿಗೆ ಜಾರಬೇಕು. ಸುತ್ತು ಬಿಟ್ಟರೆ ಓಟದ ಸಮಯಕ್ಕೆ ಎರಡು ನಿಮಿಷ ಕೂಡಿಸಿ ಹಿಂದಕ್ಕೆ ತಳ್ಳುತ್ತಾರೆ.

ರೇಸ್ ಮುಗಿದದ್ದೇ ತಡ, ಕೋಚ್ ತಂಡದ ಒಬ್ಬ ಹುಡುಗಿಯ ಮೇಲೆ ಹರಿಹಾಯ್ದರು.

“ಮೂರು ಸುತ್ತು, ಮೂರು ಸುತ್ತು ಅಂತ ಗಂಟಲು ಹರ್ಕೊಂಡೆ. ಎರಡೇ ಹಾಕಿ ಓಡಿದ್ಯಲ್ಲ, ಕಿವಿಗೆ ಹತ್ತಿ ಇಟ್ಕೊಂಡಿದ್ಯಾ?”

“ಸರ್, ನನ್ನದು ತಪ್ಪಿದ್ದು ಎರಡೇ.”

“ದುರ್ಬೀನು ಹಿಡಿದು ನಿಂತೋನು ನಾನು! ನಿನ್ನ ಪಕ್ಕದಲ್ಲೇ ಗುಂಡು ಹೊಡೆದ ನನ್ನ ಮಗಳನ್ನ ನೋಡಿ ಕಲಿ. ನನಗೆ ಒಂದು ದಿನಾನೂ ಎದುರು ಮಾತಾಡಿಲ್ಲ. ಈಗ ಮೂರನೇ ಸ್ಥಾನ!”

ಅಷ್ಟರಲ್ಲಿ ತೀರ್ಪುಗಾರರು ಆ ಹುಡುಗಿಯ ಹಾಳೆ ತಂದು ಕೊಟ್ಟರು. ತಪ್ಪು ಎರಡು, ಸುತ್ತು ಎರಡು, ನಿಮಿಷದ ದಂಡವಿಲ್ಲ.

ಕೋಚ್ ಹಾಳೆಯನ್ನು ಮುದುರಿ ಹಿಮಕ್ಕೆ ಎಸೆದರು. “ಹಾಗಾದ್ರೆ ನಾನು ಕಣ್ಣಾರೆ ನೋಡಿದ ಆ ಮೂರು ತಪ್ಪು ಯಾರದ್ದು?”

ಹಿಂದೆ ನಿಂತಿದ್ದ ಮಗಳು ಮೆಲ್ಲಗೆ ಹೇಳಿದಳು: “ನನ್ನದು, ಅಪ್ಪಾ. ನೀವು ನನಗೆ ಎರಡು ಅಂತ ಕೂಗಿದ್ರಲ್ಲ, ಅದಕ್ಕೇ ಎರಡೇ ಸುತ್ತು ಹಾಕಿದೆ.”