ಮುಟ್ಟುವ ಮುಂಚೆ

ಲೇಡಿ ಡಾಕ್ಟರು ರಜೆಯಲ್ಲಿದ್ದರು. ಹೆಂಡತಿಯ ಎದೆಯಲ್ಲಿ ಕಾಣಿಸಿಕೊಂಡ ಗಂಟನ್ನು ಪರೀಕ್ಷಿಸುವವರು ಒಬ್ಬ ಹರೆಯದ ಗಂಡಸು ಡಾಕ್ಟರು ಎಂದು ತಿಳಿದಾಗ ಯಜಮಾನರ ಮುಖ ಊದಿಕೊಂಡಿತು.

"ನಾನೂ ಒಳಗಿರ್ತೀನಿ," ಎಂದರು.

"ಅದನ್ನ ಅಮ್ಮ ಹೇಳ್ಬೇಕು ಸರ್. ಅಮ್ಮಾ, ನಿಮ್ಮ ಜೊತೆ ಯಾರಿರಲಿ?" ಎಂದರು ಡಾಕ್ಟರು.

"ಸಿಸ್ಟರ್ ಇದ್ರೆ ಸಾಕು. ಇವರು ಹೊರಗಿರ್ಲಿ."

ಯಜಮಾನರು ಹೊರಗಿನ ಬೆಂಚಿನ ಮೇಲೆ ಕುದಿಯುತ್ತ ಕೂತರು. ಸ್ವಲ್ಪ ಹೊತ್ತಿಗೆ ಆಕೆ ನಗುನಗುತ್ತ ಹೊರಬಂದರು.

"ಏನಂದ?"

"ಹೆದರೋ ಅಂಥದ್ದೇನಿಲ್ಲ ಅನ್ಸುತ್ತೆ, ಆದ್ರೂ ಒಂದು ಸ್ಕ್ಯಾನ್ ಮಾಡಿಸಿ ಅಂದ್ರು."

"ಸದ್ಯ! ಮತ್ತೆ ಒಳಗೆ ಏನೇನು ಮಾಡ್ದ?"

"ಕೇಳಿದ್ರು. ಸೆರಗು ಸರಿಸಬಹುದಾ ಅಂತ ಕೇಳಿದ್ರು. ಮುಟ್ಟಿ ನೋಡ್ಲಾ ಅಂತ ಕೇಳಿದ್ರು. ಬೇಡ ಅನ್ಸಿದ್ರೆ ಹೇಳಿ, ನಿಲ್ಲಿಸ್ತೀನಿ ಅಂದ್ರು. ಸಿಸ್ಟರ್ ಪಕ್ಕದಲ್ಲೇ ನಿಂತಿದ್ರು."

"ಎಲ್ಲಾನೂ ಕೇಳ್ಕೊಂಡೇ ಮಾಡೋನು ಅದೆಂಥಾ ಡಾಕ್ಟ್ರು? ಮದುವೆಯಾಗಿ ಇಷ್ಟು ವರ್ಷ ಆಯ್ತು, ನಾನೇ ಒಂದಿನ ಹೀಗೆಲ್ಲ ಕೇಳಿಲ್ಲ!"

"ಹೌದಲ್ವಾ," ಎಂದರು ಆಕೆ.

ಆಸ್ಪತ್ರೆಯ ಮೆಟ್ಟಿಲ ಬಳಿ ಯಜಮಾನರು ಎಂದಿನಂತೆ ಹೆಂಡತಿಯ ಕೈಗೆ ಕೈ ಹಾಕಿದರು. ಆಕೆ ಕೊಸರಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

"ಮೊದ್ಲು ಕೇಳಿ."

ಯಜಮಾನರು ಅತ್ತಿತ್ತ ನೋಡಿದರು. ಚೀಟಿಗಾಗಿ ಸಾಲು ನಿಂತವರೆಲ್ಲ ಇತ್ತಲೇ ನೋಡುತ್ತಿದ್ದರು. ದನಿ ತಗ್ಗಿಸಿ, "ಹಿಡ್ಕೊಳ್ಲಾ?" ಎಂದರು.

ಆಕೆ ಒಳಗಡೆ ತಿರುಗಿ ಗಟ್ಟಿಯಾಗಿ ಕೂಗಿದರು: "ಸಿಸ್ಟರ್, ಒಂಚೂರು ಬಂದು ಪಕ್ಕದಲ್ಲಿ ನಿಂತ್ಕೊಳ್ಳಿ, ನಮ್ಮನೆಯವರು ನನ್ನ ಕೈ ಹಿಡೀತಾರಂತೆ!"