ಗಂಗೆಯ ಗಿಂಡಿ

ತನ್ನ ಕೊನೆಗಾಲಕ್ಕೆಂದು ಕಾಶಿಯಿಂದ ತಂದು ದೇವರ ಮುಂದಿಟ್ಟಿದ್ದ ಗಂಗೆಯ ಗಿಂಡಿಯ ಬೆಸುಗೆಯನ್ನು ಅಂಬಕ್ಕ ಮಗನ ಹಾಸಿಗೆಯ ಪಕ್ಕದಲ್ಲಿ ಒಡೆದಳು. ಅವನ ಮಿದುಳು ಸತ್ತಿದೆ ಎಂದು ಡಾಕ್ಟರು ಎರಡು ಸಲ ಪರೀಕ್ಷಿಸಿ ಹೇಳಿದ್ದರು. ಅಂಗಗಳನ್ನು ಕೊಡಲು ಅವಳೇ ಒಪ್ಪಿದ್ದಳು. ಆದರೂ ಯಂತ್ರದ ಉಸಿರಿಗೆ ಅವನ ಎದೆ ಏರಿಳಿಯುತ್ತಿತ್ತು. ನರ್ಸು ಅವನಿಗೆ ಬೆಚ್ಚಗೆ ಹೊದಿಸಿ, ಗಳಿಗೆಗೊಮ್ಮೆ ರಕ್ತದೊತ್ತಡ ನೋಡುತ್ತಿದ್ದಳು.

ಅಂಬಕ್ಕ ಉದ್ಧರಣೆಯಲ್ಲಿ ಗಂಗೆಯನ್ನು ತುಂಬಿ, ತುಳಸಿದಳವಿಟ್ಟು ಮಗನ ಬಾಯಿಯ ಹತ್ತಿರ ತಂದಳು. ನರ್ಸು ತಟ್ಟನೆ ಅವಳ ಕೈ ಹಿಡಿದಳು.

“ನೀರು ಹಾಕ್ಬೇಡಿ ಅಜ್ಜಿ, ಶ್ವಾಸಕೋಶಕ್ಕೆ ಇಳಿದುಬಿಡುತ್ತೆ.”

“ಇಳೀಲಿ ಬಿಡಮ್ಮ. ಸತ್ತಿದ್ದಾನೆ ಅಂತ ನೀವೇ ಅಂದ್ರಲ್ಲ. ಸತ್ತವನಿಗೆ ನೆಗಡಿ ಆಗುತ್ತಾ?”

“ಅವರಿಗೇನೂ ಆಗಲ್ಲ ಅಜ್ಜಿ. ಆ ಶ್ವಾಸಕೋಶಕ್ಕೆ ಒಂದು ಹುಡುಗಿ ಕಾಯ್ತಿದ್ದಾಳೆ. ಅದು ಕೆಟ್ರೆ ಅವಳೂ ಉಳಿಯಲ್ಲ.”

ಗಂಗೆ ಕಾಣದೆ ಹೋದ ಜೀವಕ್ಕೆ ಸದ್ಗತಿಯಿಲ್ಲವೆಂದು ಅಂಬಕ್ಕ ಬುದ್ಧಿ ತಿಳಿದಂದಿನಿಂದ ನಂಬಿದ್ದಳು.

“ಆ ಹುಡುಗಿಗೆ ತಾಯಿ ಇದ್ದಾಳಾ?”

“ಇರ್ತಾಳೆ ಅಜ್ಜಿ. ನಿಮ್ಮ ಹಾಗೇ ಯಾವುದೋ ಆಸ್ಪತ್ರೇಲಿ ಕೂತಿರ್ತಾಳೆ.”

ಅಂಬಕ್ಕ ಉದ್ಧರಣೆಯ ನೀರನ್ನು ಮತ್ತೆ ಗಿಂಡಿಗೆ ಸುರಿದಳು.

“ಹಾಗಾದ್ರೆ ನನ್ನ ಮಗ ಬಾಯಾರ್ಕೊಂಡೇ ಹೋಗ್ಲಿ.”