ಭಾನುವಾರದ ಜಗಳ

ಎಜ್ರಪ್ಪನವರಿಗೂ ಅವರ ಭಾವಮೈದನಿಗೂ ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಜಗಳ ಇದ್ದದ್ದೇ. ರಕ್ಷಣೆ ಹೊಂದುವವರನ್ನು ದೇವರು ಅವರು ಹುಟ್ಟುವ ಮೊದಲೇ ಆರಿಸಿಕೊಂಡಿದ್ದಾನೆ ಎಂದು ಎಜ್ರಪ್ಪನವರ ವಾದ. ಇಲ್ಲ, ಮನುಷ್ಯ ತಾನೇ ಮನಸ್ಸು ಮಾಡಿ ದೇವರನ್ನು ಕರೆಯಬೇಕು ಎಂದು ಭಾವಮೈದನ ವಾದ. "ಕಾಫಿ ಆರಿಹೋಗುತ್ತೆ, ದೇವರನ್ನು ಎಳೆದಾಡಿದ್ದು ಸಾಕು" ಎಂದು ಎಜ್ರಪ್ಪನವರ ಹೆಂಡತಿ ಗದರುತ್ತಿದ್ದರು.

ಈಗ ಅವರ ಒಬ್ಬನೇ ಮಗ ಹೊಳೆಯಲ್ಲಿ ಮುಳುಗಿ ಸತ್ತಿದ್ದ. ದೇವರೇ ಇಲ್ಲ ಎನ್ನುತ್ತ, ಚರ್ಚಿನ ಮೆಟ್ಟಿಲು ಹತ್ತದೆ ತಿರುಗಿದ ಮಗ. ಶವಪೆಟ್ಟಿಗೆಯ ಪಕ್ಕದಲ್ಲಿ ಎಜ್ರಪ್ಪನವರು ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಒದ್ದಾಡುತ್ತಿದ್ದರು. ಭಾವಮೈದ ಒಳಗೆ ಬಂದ.

"ನೀನು ಏನು ಹೇಳ್ತೀಯ ಅಂತ ಗೊತ್ತು. ಅವನು ಕರೆಯಲೇ ಇಲ್ಲ ಅಂತೀಯ."

"ನಾನು ಬಾಯೇ ಬಿಟ್ಟಿಲ್ಲವಲ್ಲ, ಭಾವ."

"ನೀರಿನೊಳಗೆ, ಕೊನೇ ಉಸಿರಿನಲ್ಲಿ, ತಾನೇ ಮನಸ್ಸು ಮಾಡಿ ಕರೆದಿರಬಹುದಲ್ಲವೇನೋ? ಅಷ್ಟಾದರೆ ಸಾಕು ಅಂತ ನೀನೇ ಹೇಳ್ತಿದ್ದೆಯಲ್ಲ. ಈಗ ಹೇಳೋ!"

ಭಾವಮೈದ ಅವರ ಕೈ ಹಿಡಿದುಕೊಂಡ.

"ಕರೆಯದಿದ್ದರೇನಂತೆ, ಭಾವ? ಹುಟ್ಟುವ ಮೊದಲೇ ಆರಿಸಿಕೊಂಡವನನ್ನು ದೇವರು ಹೊಳೆಗೆ ಬಿಟ್ಟುಕೊಡುತ್ತಾನೆಯೇ?"